ಹಾಲಿನಲ್ಲಿ ಇಲ್ಲದ ನೀರು

ಅಧ್ಯಕ್ಷರ ಚುನಾವಣೆಯ ನೋಟಿಸು ಬಂದದ್ದು ಒಂದು ಸೋಮವಾರ. ಮುಂದಿನ ವಾರದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಕಟ್ಟಡದಲ್ಲಿ ಸಭೆ, ಬಂಟ್ವಾಳದಿಂದ ಚುನಾವಣಾಧಿಕಾರಿ ಬರುತ್ತಾರೆ ಎಂದು ಅದರಲ್ಲಿತ್ತು. ಹನ್ನೊಂದು ಮಂದಿ ನಿರ್ದೇಶಕರ ಮನೆಗೆ ಹೋಗಿ ಪ್ರತಿ ಕೊಟ್ಟು, ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಸಿದ್ಧಕಟ್ಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹಾಲಿನ ಸಂಘ. ಅಲ್ಲಿ ಕಾರ್ಯದರ್ಶಿಯೂ ನಾನೇ, ಹಾಲು ಪರೀಕ್ಷೆ ಮಾಡುವವಳೂ ನಾನೇ.

ಹತ್ತು ವರ್ಷದಿಂದ ಈ ಸಭೆ ಐದು ನಿಮಿಷದ್ದಾಗಿತ್ತು. ಯಾರಾದರೊಬ್ಬರು ಮಾಸ್ಟ್ರ ಹೆಸರು ಹೇಳುವುದು, ಇನ್ನೊಬ್ಬರು ಅನುಮೋದಿಸುವುದು, ಎಲ್ಲರೂ ಸಜ್ಜಿಗೆ ಅವಲಕ್ಕಿ ತಿಂದು ಮನೆಗೆ ಹೋಗುವುದು. ಮಾಸ್ಟ್ರು ನಿವೃತ್ತ ಮುಖ್ಯೋಪಾಧ್ಯಾಯರು. ಸಂಘಕ್ಕೆ ಸ್ವಂತ ಕಟ್ಟಡ ಆದದ್ದು, ಹಾಲು ಪರೀಕ್ಷಿಸುವ ಯಂತ್ರ ಬಂದದ್ದು ಎಲ್ಲ ಅವರ ಕಾಲದಲ್ಲಿ. ಈ ಸಲ ಇನ್ನೊಂದು ಹೆಸರು ಎದ್ದಿತ್ತು. ನಾವು ತೋಡು ಎನ್ನುವ ಸಣ್ಣ ಹಳ್ಳದ ಆಚೆ ಬದಿಯಲ್ಲಿ ಐದು ದನ ಸಾಕುವ ಒಬ್ಬ ಹೆಂಗಸು, ಅವರೂ ನಿರ್ದೇಶಕರಲ್ಲಿ ಒಬ್ಬರು. ಊರಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು; ಅವರಿಗಿಂತ ಹೆಚ್ಚು ಪ್ರಾಯದವರೂ ಹಾಗೇ ಕರೆಯುತ್ತಾರೆ.

ಮತ ಇದ್ದದ್ದು ಹನ್ನೊಂದು ಮಂದಿಗೆ, ಮಾತು ಮಾತ್ರ ಹಾಲು ಹಾಕುವ ಅಷ್ಟೂ ಮನೆಯವರದ್ದು. ಬೆಳಿಗ್ಗೆ ಆರೂವರೆಗೆ ನಾನು ಕಿಟಕಿ ತೆರೆಯುವಾಗ ಹೊರಗೆ ಕ್ಯಾನು ಹಿಡಿದ ಸಾಲು ಇರುತ್ತದೆ. ಆ ಹತ್ತು ದಿನ ಸಾಲಿನಲ್ಲಿ ಬೇರೆ ವಿಷಯವೇ ಇರಲಿಲ್ಲ. ಸಂಜೆ ಹಾಲು ತೆಗೆದುಕೊಳ್ಳುವ ಹೊತ್ತು ನಾಲ್ಕೂವರೆ ಇರುವುದನ್ನು ಐದೂವರೆ ಮಾಡಬೇಕು ಎಂದು ಅಕ್ಕ ಹೇಳುತ್ತಿದ್ದರು. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು ಐದಕ್ಕೆ ಬಸ್ಸಿಳಿಯುವುದು. ಅವರ ಸಂಜೆಯ ಹಾಲು ಸಂಘಕ್ಕೆ ಬರುತ್ತಲೇ ಇರಲಿಲ್ಲ. ಆ ಒಂದು ಮಾತಿಗಾಗಿ ಸುಮಾರು ಮಂದಿ ಅಕ್ಕನ ಕಡೆ ಇದ್ದರು. ಮಾಸ್ಟ್ರ ಮನೆಯಲ್ಲಿ ಈಗ ಇರುವುದು ಒಂದೇ ದನ, ಅದನ್ನೂ ಕರೆಯುವುದು ಕೆಲಸದವರು, ಅವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು ಎಂದು ಕೆಲವರು ಹೇಳಿದರು. ಮಾಸ್ಟ್ರ ಕಡೆಯವರ ಮಾತು ಇನ್ನೊಂದು. ಮಂಗಳೂರಿನಲ್ಲಿ ಹಾಲು ಒಕ್ಕೂಟದ ಸಭೆ ಆಗುವಾಗ ಎದ್ದು ನಿಂತು ಕೇಳುವವರು ಬೇಕಲ್ಲ, ಅಕ್ಕ ಓದಿದ್ದು ಏಳನೆಯವರೆಗೆ, ತುಳುವಿನಲ್ಲಾದರೆ ಯಾರನ್ನೂ ಬಿಡುವವರಲ್ಲ, ಕನ್ನಡದಲ್ಲಿ ನಾಲ್ಕು ವಾಕ್ಯ ಒಟ್ಟಿಗೆ ಬರುತ್ತದಾ ಎಂದು ಅವರು ಕೇಳುತ್ತಿದ್ದರು. ಕೆಲವು ಗಂಡಸರು ಏನೂ ಹೇಳದೆ ನಗುತ್ತಿದ್ದರು.

ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರಿಗೆ ಐದು ಖಚಿತ, ಅಕ್ಕನಿಗೆ ಐದು ಖಚಿತ. ಉಳಿದವರು ಒಬ್ಬರೇ, ರಿಕ್ಷಾ ಓಡಿಸುವ ನಿರ್ದೇಶಕರು. ಅವರಿಗೂ ಎರಡು ದನ ಉಂಟು, ಹೆಂಡತಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ನನ್ನ ಮತ ಅಕ್ಕನಿಗೆ ಎಂದು ಅವರು ಸಾಲಿನಲ್ಲೇ ಹೇಳಿದ್ದರು.

ನಾನು ಯಾರ ಕಡೆಯೂ ಅಲ್ಲ ಎಂದುಕೊಂಡಿದ್ದೆ. ಕಾರ್ಯದರ್ಶಿ ಹಾಗೆಯೇ ಇರಬೇಕು. ಆದರೆ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಆಡಳಿತ ಮಂಡಳಿಯ ಮೊದಲ ಸಭೆಯಲ್ಲೇ ಅದನ್ನು ಇಡುತ್ತೇನೆ ಎಂದು ಮಾಸ್ಟ್ರು ಹೇಳಿದ್ದರು. ಅಕ್ಕ ಅದರ ಬಗ್ಗೆ ಏನೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಚುನಾವಣೆಗೆ ನಾಲ್ಕು ದಿನ ಇರುವಾಗ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಹಳೆಯದು. ದೀಪ ಉರಿಯಿತು, ಯಂತ್ರ ನಿಂತಿತು. ಅರ್ಧ ಗಂಟೆ ಸಾಲು ಹಾಗೇ ನಿಂತಿತ್ತು. ಏಳು ಮುಕ್ಕಾಲಕ್ಕೆ ಹಾಲು ಒಯ್ಯುವ ಗಾಡಿ ಬರುತ್ತದೆ, ಅದು ಕಾಯುವುದಿಲ್ಲ. ಕರೆಂಟು ಬಂದಾಗ ಇನ್ನೂ ಮೂವತ್ತು ಮಂದಿ ಬಾಕಿ ಇದ್ದರು.

ನಮ್ಮ ಯಂತ್ರ ಒಂದು ಸಣ್ಣ ಪೆಟ್ಟಿಗೆ. ಅದರ ಮೂತಿಯ ಸಣ್ಣ ಕೊಳವೆಯನ್ನು ಬಟ್ಟಲಿನ ಹಾಲಿಗೆ ಅದ್ದಿದರೆ ಸ್ವಲ್ಪ ಹಾಲನ್ನು ಎಳೆದುಕೊಂಡು ಮೂರು ಅಂಕೆ ಹೇಳುತ್ತದೆ: ಜಿಡ್ಡು ಎಷ್ಟು, ಜಿಡ್ಡು ಬಿಟ್ಟು ಉಳಿದ ಘನಾಂಶ ಎಷ್ಟು, ನೀರು ಬೆರೆತಿದ್ದರೆ ಅದು ಶೇಕಡಾ ಎಷ್ಟು. ಹೊರಗೆ ಕಿಟಕಿಯ ಮೇಲೆ ಒಂದು ಫಲಕ ಉಂಟು. ಅದೇ ಅಂಕೆಗಳು ಅಲ್ಲಿ ಕೆಂಪಗೆ ಬರುತ್ತವೆ. ಯಾರಿಗೂ ಸಂಶಯ ಬರಬಾರದು ಎಂದು ಮಾಸ್ಟ್ರೇ ಹಾಕಿಸಿದ್ದು. ಯಂತ್ರ ನಿಂತು ಮತ್ತೆ ಸುರುವಾದರೆ ಕೊಳವೆಯೊಳಗೆ ಹಾಲು ಕಟ್ಟಿರುತ್ತದೆ, ಹಾಗಾಗಿ ಉಗುರುಬೆಚ್ಚಗಿನ ನೀರು ಎಳೆಸಿ ತೊಳೆಯಬೇಕು. ತೊಳೆದ ಮೇಲೆ ಒಮ್ಮೆ ಬೇರೆ ಹಾಲು ಎಳೆಸಿ, ಆ ಅಂಕೆಯನ್ನು ಬಿಟ್ಟುಬಿಡಬೇಕು. ಕೊಳವೆಯಲ್ಲಿ ಉಳಿದ ನೀರು ಆ ಹಾಲಿನ ಜೊತೆ ಹೋಗುತ್ತದೆ. ಆಮೇಲಷ್ಟೇ ಸದಸ್ಯರ ಹಾಲು. ತರಬೇತಿಯಲ್ಲಿ ಮೊದಲ ದಿನವೇ ಇದನ್ನು ಹೇಳಿಕೊಟ್ಟಿದ್ದರು. ಆ ಬೆಳಿಗ್ಗೆ ನಾನು ನೀರು ಎಳೆಸಿದೆ. ಬೇರೆ ಹಾಲು ಎಳೆಸುವುದನ್ನು ಬಿಟ್ಟೆ. ಮರೆತದ್ದಲ್ಲ. ಗಡಿಯಾರ ನೋಡಿದೆ, ಸಾಲು ನೋಡಿದೆ, ಬಿಟ್ಟೆ.

ಸಾಲಿನಲ್ಲಿ ಮುಂದೆ ಇದ್ದದ್ದು ಅಕ್ಕ. ಒಂಬತ್ತು ಲೀಟರು ಹಾಲು. ಬಟ್ಟಲು ಯಂತ್ರದ ಕೆಳಗಿಟ್ಟೆ. ಘನಾಂಶ ಏಳು ಪಾಯಿಂಟ್ ಮೂರು, ನೀರು ಹದಿನಾಲ್ಕು.

ಫಲಕದ ಕೆಳಗೆ ನಿಂತಿದ್ದ ಯಾರೋ ಆ ಹದಿನಾಲ್ಕನ್ನು ಗಟ್ಟಿಯಾಗಿ ಓದಿದರು. ಅಕ್ಕ ಫಲಕ ನೋಡಲಿಲ್ಲ, ನನ್ನ ಮುಖ ನೋಡಿದರು.

"ಇನ್ನೊಮ್ಮೆ ನೋಡು ತಂಗಿ," ಎಂದರು.

ಇನ್ನೊಮ್ಮೆ ನೋಡಲು ಒಂದು ನಿಮಿಷ ಸಾಕಿತ್ತು. ನಿಯಮವೂ ಅದೇ: ನೀರು ಎಂದು ಬಂದರೆ ಮರುಪರೀಕ್ಷೆ ಮಾಡಬೇಕು, ಸಂಶಯ ಉಳಿದರೆ ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಗಾಜಿನ ಲ್ಯಾಕ್ಟೋಮೀಟರಿನಲ್ಲಿ ನೋಡಬೇಕು. ನಾನು ಅವರ ಕ್ಯಾನನ್ನು ಬದಿಗಿಟ್ಟು, ಸಾಲು ಮುಗಿಯಲಿ ಅಕ್ಕ, ಆಮೇಲೆ ನೋಡುವ ಎಂದೆ. ಹಿಂದಿನಿಂದ ಯಾರೋ ಗಾಡಿ ಬರ್ತದೆ, ಬೇಗ ಎಂದರು. ಅಕ್ಕ ಎರಡು ನಿಮಿಷ ನಿಂತರು. ಎಲ್ಲರೂ ನೋಡುತ್ತಿದ್ದರು. ಮತ್ತೆ ಕ್ಯಾನನ್ನು ಅಲ್ಲೇ ಬಿಟ್ಟು ನಡೆದರು.

ಮುಂದಿನವರ ಹಾಲು ಸರಿ ಬಂತು. ಅದರ ಮುಂದಿನದ್ದೂ ಸರಿ. ಏನಾಗಿದೆ ಎಂದು ನನಗೆ ಆಗಲೇ ಹೊಳೆದಿತ್ತು. ಗಾಡಿ ಹೋದ ಮೇಲೆ ಅಕ್ಕನ ಹಾಲನ್ನು ಮತ್ತೆ ಯಂತ್ರಕ್ಕೆ ಹಿಡಿದೆ. ಘನಾಂಶ ಎಂಟು ಪಾಯಿಂಟ್ ಆರು, ನೀರು ಸೊನ್ನೆ. ಎತ್ತರದ ಲೋಟಕ್ಕೆ ಹಾಲು ಸುರಿದು ಲ್ಯಾಕ್ಟೋಮೀಟರ್ ಇಳಿಬಿಟ್ಟೆ. ಇಪ್ಪತ್ತೆಂಟರ ಗೆರೆಯಲ್ಲಿ ನಿಂತಿತು. ಒಳ್ಳೆಯ ಹಾಲು. ಆ ಬೆಳಿಗ್ಗೆ ಬಂದದ್ದರಲ್ಲಿ ಅದಕ್ಕಿಂತ ಒಳ್ಳೆಯದು ಹೆಚ್ಚಿರಲಿಲ್ಲ.

ಅವರ ಹೆಸರಿನಲ್ಲಿ ಸರಿಯಾದ ಅಂಕೆ ಬರೆದು, ಹಾಲನ್ನು ಸಂಜೆಯ ಹಾಲಿಗೆ ಸೇರಿಸಲು ತಂಪುಪೆಟ್ಟಿಗೆಯಲ್ಲಿಟ್ಟೆ. ಪುಸ್ತಕದಲ್ಲಿ ತಪ್ಪು ಉಳಿಯಲಿಲ್ಲ. ಅಷ್ಟು ಮಾಡಿದ್ದೇನಲ್ಲ ಎಂದು ಆ ಹೊತ್ತಿಗೆ ಸಮಾಧಾನ ಮಾಡಿಕೊಂಡೆ. ಸಂಜೆ ಎಲ್ಲರ ಎದುರು ಹೇಳುವ ಎಂದುಕೊಂಡೆ.

ಸಂಜೆಗೆ ಆಗುವಾಗ ಊರಿಡೀ ಹರಡಿತ್ತು. ಹದಿನಾಲ್ಕು ಇದ್ದದ್ದು ಇಪ್ಪತ್ತು ಆಗಿತ್ತು. ಒಂದು ದಿನದ್ದಲ್ಲವಂತೆ, ಮೊದಲಿನಿಂದಲೂ ಹಾಗೆಯಂತೆ ಎಂದು ಮಡಂತ್ಯಾರಿನಿಂದ ಹಿಂಡಿ ತಂದವರೊಬ್ಬರು ಹೇಳಿದರು. ಅವರಿಗೆ ಅಲ್ಲಿಯ ಅಂಗಡಿಯಲ್ಲೇ ಸುದ್ದಿ ಸಿಕ್ಕಿತ್ತು. ಅದೇ ಸಂಜೆ ಒಬ್ಬ ಸದಸ್ಯರು ತನ್ನ ಚೀಟಿ ಹಿಡಿದುಕೊಂಡು ಬಂದು, ಹೋದ ತಿಂಗಳು ನನ್ನ ಹಾಲಿಗೆ ಜಿಡ್ಡು ಕಡಿಮೆ ತೋರಿಸಿತ್ತಲ್ಲ, ಅದು ಸರಿಯಾ ಎಂದು ಕೇಳಿದರು. ನನಗೆ ಹೆದರಿಕೆ ಆಯಿತು. ಯಂತ್ರ ಒಮ್ಮೆ ತಪ್ಪು ಹೇಳಿತು ಎಂದರೆ ನಾಳೆಯಿಂದ ಯಾರೂ ಯಾವ ಅಂಕೆಯನ್ನೂ ನಂಬುವುದಿಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು ಎಂದರೆ ನನ್ನ ಕೆಲಸ ಏನಾಗುತ್ತದೆ? ನಾನು ಬಾಯಿ ಬಿಡಲಿಲ್ಲ.

ಸೋಮವಾರ ಮಾಸ್ಟ್ರ ಮನೆಗೆ ಹೋದೆ. ಅವರು ಚಾವಡಿಯಲ್ಲಿ ಪೇಪರು ಓದುತ್ತಿದ್ದರು. ಭಾನುವಾರ ಕರೆಂಟು ಹೋಗಿ ಬಂದ ಮೇಲೆ ಯಂತ್ರ ಸ್ವಲ್ಪ ಹಿಂದೆ ಮುಂದೆ ಆಗಿರಬಹುದು ಎಂದೆ.

ಅವರು ಕನ್ನಡಕ ತೆಗೆದರು. "ಆಗಿರಬಹುದು ಅಂದರೆ? ಆಗಿದೆಯಾ, ಇಲ್ಲವಾ?"

"ಸರಿಯಾಗಿ ಗೊತ್ತಿಲ್ಲ ಮಾಸ್ಟ್ರೆ."

ಎಂಟು ಪಾಯಿಂಟ್ ಆರು ನನ್ನ ಕೈಯಲ್ಲೇ ಬರೆದದ್ದು. ಆದರೂ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಈಗ ಹೇಳುವುದು ಬೇಡ, ಹೇಳಿದರೆ ಚುನಾವಣೆಗೆಂದು ಹೇಳಿದ ಹಾಗಾಗುತ್ತದೆ, ಗುರುವಾರ ಕಳೆಯಲಿ, ಒಕ್ಕೂಟದಿಂದ ಮೆಕ್ಯಾನಿಕ್‌ನನ್ನು ಕರೆಸಿ ನೋಡುವ ಎಂದು ಅವರು ಹೇಳಿದರು. ನಾನು ಪೂರ್ತಿ ಹೇಳಿದ್ದರೆ ಆ ಮನುಷ್ಯ ಏನು ಮಾಡುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೇಪರು ಮಡಚಿಟ್ಟು, ಶರಟು ಹಾಕಿಕೊಂಡು, ನನ್ನ ಜೊತೆ ಸಂಘಕ್ಕೆ ಬಂದು ಎಲ್ಲರಿಗೂ ಹೇಳಿಸುತ್ತಿದ್ದರು. ಅರ್ಧ ಹೇಳಿ, ಸುಮ್ಮನಿರಲು ಅವರಿಂದ ಅಪ್ಪಣೆ ತೆಗೆದುಕೊಂಡು ಬಂದೆ.

ಬುಧವಾರ ಸಂಜೆ ಮತಚೀಟಿಗೆ ಕಾಗದ ಕತ್ತರಿಸಿ, ಸಂಘದ ಮುದ್ರೆ ಒತ್ತಿ, ಹನ್ನೊಂದು ಎಣಿಸಿಟ್ಟೆ. ಮತ ಹಾಕುವಾಗ ಮರೆಯಿರಲಿ ಎಂದು ಮೇಜಿನ ಸುತ್ತ ರಟ್ಟು ನಿಲ್ಲಿಸಿದೆ. ಗುರುವಾರ ಅಧಿಕಾರಿ ಹತ್ತೂವರೆಗೇ ಬಂದರು. ನಾಮಪತ್ರ ತೆಗೆದುಕೊಳ್ಳಲು ಸಮಯ, ಪರಿಶೀಲನೆಗೆ ಸಮಯ, ಹಿಂದೆ ತೆಗೆದುಕೊಳ್ಳಲು ಸಮಯ, ಹೀಗೆ ಒಂದೊಂದನ್ನೂ ಹೇಳಿದರು. ಎರಡು ನಾಮಪತ್ರ ಬಂತು. ಯಾರೂ ಹಿಂದೆ ತೆಗೆಯಲಿಲ್ಲ. ಮತದಾನಕ್ಕೆ ಮೊದಲು ಹತ್ತು ನಿಮಿಷ ಚಹಾ.

ನಾನು ಹಿಂದಿನ ಜಗಲಿಯಲ್ಲಿ ಲೋಟಕ್ಕೆ ಚಹಾ ಹೊಯ್ಯುತ್ತಿದ್ದೆ. ರಿಕ್ಷಾದ ಅಣ್ಣ ಅಲ್ಲಿಗೇ ಬಂದರು. ಒಳಗೆ ಮಾತು ಕೇಳುತ್ತಿತ್ತು. ಅಕ್ಕನ ಕಡೆಯವರೊಬ್ಬರು ಸಂಜೆಯ ಸಮಯದ ಬಗ್ಗೆ ಹೇಳುತ್ತಿದ್ದರು. ಅದಕ್ಕೆ ಇನ್ನೊಬ್ಬರು, ಸಮಯ ಬದಲಿಸುವುದು ದೊಡ್ಡದಲ್ಲ, ಅಧ್ಯಕ್ಷರ ಹಾಲೇ ಸರಿಯಿಲ್ಲದಿದ್ದರೆ ನಾವು ಯಾರಿಗೆ ಬುದ್ಧಿ ಹೇಳುವುದು ಎಂದರು. ಅಕ್ಕನ ಸ್ವರ ಕೇಳಲಿಲ್ಲ.

ರಿಕ್ಷಾದ ಅಣ್ಣ ಲೋಟ ಹಿಡಿದುಕೊಂಡು, ಕುಡಿಯದೆ, ಸ್ವರ ತಗ್ಗಿಸಿ ಕೇಳಿದರು. "ಒಂದು ಕೇಳ್ತೇನೆ, ಸರಿಯಾಗಿ ಹೇಳು. ಅವತ್ತು ಹಾಲಿಗೆ ನೀರು ಹಾಕಿದ್ದು ಹೌದಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಒಂದೇ ಶಬ್ದ.

"ಯಂತ್ರದಲ್ಲಿ ಬಂದದ್ದನ್ನು ನಾನು ಹೇಗೆ ಇಲ್ಲ ಅನ್ನುವುದು ಅಣ್ಣ?" ಎಂದೆ.

ಅವರು ತಲೆ ಅಲ್ಲಾಡಿಸಿ, ಚಹಾ ಕುಡಿದು ಒಳಗೆ ಹೋದರು. ನನ್ನ ಮಾತಿನಲ್ಲಿ ಸುಳ್ಳು ಇರಲಿಲ್ಲ. ಅದನ್ನು ಅಷ್ಟು ಜಾಗ್ರತೆಯಿಂದ ಜೋಡಿಸಿದ್ದು ನಾನೇ. ಆ ಜಾಗ್ರತೆ ನೆನಪಾದಾಗಲೆಲ್ಲ ಇವತ್ತಿಗೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮತ ಎಣಿಸಿದಾಗ ಮಾಸ್ಟ್ರಿಗೆ ಆರು, ಅಕ್ಕನಿಗೆ ಐದು. ಅಧಿಕಾರಿ ಘೋಷಣೆ ಮಾಡಿದರು. ಅಕ್ಕ ಎದ್ದು ಬಂದು ಮಾಸ್ಟ್ರಿಗೆ ಕೈ ಮುಗಿದರು. ಸಜ್ಜಿಗೆ ಅವಲಕ್ಕಿಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು, ಅತ್ತೆಗೆ ಬೇಕು ಎಂದು ಹೇಳಿ ಹೋದರು. ನಾನು ನಡಾವಳಿ ಬರೆದೆ.

ಆಮೇಲೆ ಅಕ್ಕನ ಬೆಳಗಿನ ಹಾಲು ಬರುತ್ತಿತ್ತು, ಸಂಜೆಯದ್ದು ನಿಂತಿತು. ಯಾರಾದರೂ ಹಾಲು ನಿಲ್ಲಿಸಿದರೆ ಕಾರ್ಯದರ್ಶಿ ಮನೆಗೆ ಹೋಗಿ ವಿಚಾರಿಸಬೇಕು. ದನಕ್ಕೆ ಕೆಚ್ಚಲು ಬಾವು ಬಂದಿರಬಹುದು, ಹಾಲು ಬತ್ತಿರಬಹುದು, ವೈದ್ಯರನ್ನು ಕಳಿಸಬೇಕಾಗಬಹುದು. ಬೇರೆಯವರದ್ದಾದರೆ ಮೂರನೆಯ ದಿನವೇ ಹೋಗುತ್ತಿದ್ದೆ. ಅಕ್ಕನ ಮನೆಗೆ ಹೋಗಲು ಹನ್ನೆರಡು ದಿನ ಬೇಕಾಯಿತು.

ಹೋದಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕ ದನದ ಹಟ್ಟಿಯಲ್ಲಿದ್ದರು. ದನಗಳು ಐದೂ ಚೆನ್ನಾಗಿದ್ದವು. ಹಟ್ಟಿಯ ಗೋಡೆಯ ಮೇಲೆ ಒಂದು ಎತ್ತರದ ಸ್ಟೀಲ್ ಲೋಟ, ಅದರಲ್ಲಿ ಹೊಸ ಲ್ಯಾಕ್ಟೋಮೀಟರ್ ನಿಂತಿತ್ತು.

ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಮೂಡುಬಿದಿರೆಯಿಂದ ತಂದದ್ದು ಎಂದರು. ಇಪ್ಪತ್ತೆಂಟು ಬರಬೇಕು, ಕಡಿಮೆ ಬಂದರೆ ನೀರು ಎಂದು ಅಂಗಡಿಯವನು ಹೇಳಿದ್ದನಂತೆ. ದಿನಾಲೂ ಕರೆದ ಕೂಡಲೇ ಹಟ್ಟಿಯಲ್ಲೇ ನೋಡುತ್ತಾರಂತೆ. ಇಪ್ಪತ್ತೈದು ಬರುತ್ತದೆ, ಒಮ್ಮೊಮ್ಮೆ ಇಪ್ಪತ್ತಾರು. ಇಪ್ಪತ್ತೆಂಟು ಒಂದು ದಿನವೂ ಬಂದಿಲ್ಲ.

"ಹಾಗಾದರೆ ನಿನ್ನ ಯಂತ್ರ ಹೇಳಿದ್ದು ಸರಿಯೇ ಅಲ್ಲವಾ," ಎಂದರು. ಅವರ ಸ್ವರದಲ್ಲಿ ಸಿಟ್ಟು ಇರಲಿಲ್ಲ.

ಆಗಷ್ಟೇ ಕರೆದ ಹಾಲು ಬೆಚ್ಚಗಿರುತ್ತದೆ, ನೊರೆ ಇರುತ್ತದೆ. ಅದರಲ್ಲಿ ಲ್ಯಾಕ್ಟೋಮೀಟರ್ ಯಾವತ್ತೂ ಕೆಳಗೇ ಇಳಿಯುತ್ತದೆ, ಅಂಕೆ ಕಡಿಮೆ ಬರುತ್ತದೆ. ಹಾಲು ತಣಿಯಬೇಕು, ಬಿಸಿಯಿದ್ದರೆ ಅದಕ್ಕೆ ಲೆಕ್ಕ ಸೇರಿಸಬೇಕು. ಅದು ಅಂಗಡಿಯವನಿಗೆ ಗೊತ್ತಿರಲಿಲ್ಲ, ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ತನ್ನ ಒಳ್ಳೆಯ ಹಾಲನ್ನು ಕೆಟ್ಟದೆಂದು ನೋಡಿಕೊಂಡು ಸಂಘಕ್ಕೆ ತರುತ್ತಿದ್ದರು.

ಸಂಜೆಯ ಹಾಲು ಯಾಕೆ ನಿಂತಿತು ಎಂದು ಕೇಳಿದೆ. ಅವರು ಬದಿಯಿಂದ ಒಂದು ಹುಲ್ಲಿನ ಕಟ್ಟು ಎತ್ತಿಕೊಂಡರು. ಮತ್ತೆ ಹೇಳಿದರು. ಸಂಜೆ ಹಾಲು ಕರೆಯುವುದು, ಎರಡು ಹೊತ್ತೂ ಕ್ಯಾನು ತೊಳೆಯುವುದು ಅತ್ತೆ. ಆ ಭಾನುವಾರ ಮನೆಗೆ ಬಂದವರೇ ಅಕ್ಕ ಅತ್ತೆಯನ್ನು ಕೇಳಿದ್ದಾರೆ: ಕ್ಯಾನಿನಲ್ಲಿ ನೀರು ಉಳಿದಿತ್ತಾ? ಒಂಬತ್ತು ಲೀಟರಿನಲ್ಲಿ ಹದಿನಾಲ್ಕು ಎಂದರೆ ಒಂದು ಲೀಟರಿಗೂ ಹೆಚ್ಚು. ತೊಳೆದ ಕ್ಯಾನಿನಲ್ಲಿ ಅಷ್ಟು ಉಳಿಯುವುದಿಲ್ಲ. ಅದು ಅತ್ತೆಗೂ ಗೊತ್ತು. ನೀರು ಬೆರೆಸಿದ್ದು ನೀವಾ ಎಂದೇ ಸೊಸೆ ಕೇಳಿದ್ದು ಎಂದು ಅವರಿಗೆ ಅರ್ಥವಾಗಿತ್ತು. ಲ್ಯಾಕ್ಟೋಮೀಟರ್ ತಂದ ದಿನದಿಂದ ಅವರು ಹಟ್ಟಿಗೆ ಕಾಲಿಟ್ಟಿರಲಿಲ್ಲ; ಸಂಜೆ ಅಕ್ಕ ಒಬ್ಬರೇ ಐದೂ ದನ ಕರೆದು ಮುಗಿಸುವಾಗ ನಾಲ್ಕೂವರೆ ದಾಟುತ್ತಿತ್ತು. ಸೊಸೆಯ ಜೊತೆ ಮಾತೂ ಇಲ್ಲ. ನಲುವತ್ತು ವರ್ಷ ಅದೇ ಹಟ್ಟಿಯಲ್ಲಿ ಹಾಲು ಕರೆದವರು.

ಅಕ್ಕ ಚುನಾವಣೆ ಸೋತದ್ದಕ್ಕೆ ತಪ್ಪೊಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ, ಧೈರ್ಯ ಬಂದರೆ ಹೇಳುವ ಎಂದು. ಈ ಮನೆಯೊಳಗೆ ಹೀಗೊಂದು ಆಗಿದೆ ಎಂದು ಊಹಿಸಿಯೂ ಇರಲಿಲ್ಲ. ಹೊಂದಿಸಿಕೊಂಡ ಮಾತೆಲ್ಲ ಹೋಯಿತು. ನಿಂತಲ್ಲೇ ಹೇಳಿದೆ: ನಿಮ್ಮ ಹಾಲಿನಲ್ಲಿ ನೀರು ಇರಲಿಲ್ಲ ಅಕ್ಕ, ಆ ನೀರು ಯಂತ್ರ ತೊಳೆದದ್ದು, ತೊಳೆದವಳು ನಾನು. ಗಾಡಿ ಹೋದ ಮೇಲೆ ಮತ್ತೆ ನೋಡಿದ್ದು, ಸರಿ ಬಂದದ್ದು, ಮಾಸ್ಟ್ರಿಗೆ ಗೊತ್ತಿಲ್ಲ ಎಂದದ್ದು, ರಿಕ್ಷಾದ ಅಣ್ಣ ಕೇಳಿದಾಗ ಹೇಳಿದ್ದು, ಎಲ್ಲ.

ಅಕ್ಕ ಅಷ್ಟೂ ಹೊತ್ತು ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಕೆಳಗೆ ಇಡಲಿಲ್ಲ. ನಾನು ಮುಗಿಸಿದ ಮೇಲೆ ಒಂದೇ ಮಾತು ಹೇಳಿದರು.

"ಮೊದಲು ಅತ್ತೆಗೆ ಹೇಳು."

ಅತ್ತೆ ಒಳಗೆ ಬೀಡಿ ಎಲೆ ಕತ್ತರಿಸುತ್ತಿದ್ದರು. ಅವರ ಮುಂದೆ ನೆಲದ ಮೇಲೆ ಕುಳಿತು ಮತ್ತೆ ಸುರುವಿನಿಂದ ಹೇಳಿದೆ. ಅವರಿಗೆ ಯಂತ್ರ, ಕೊಳವೆ ಒಂದೂ ಗೊತ್ತಿಲ್ಲ. ನಿಮ್ಮ ಕ್ಯಾನು ಸರಿ ಇತ್ತು, ತಪ್ಪು ನನ್ನ ಕೈಯಿಂದ ಆಯಿತು ಎಂದದ್ದು ಗೊತ್ತಾಯಿತು. ಅವರು ಕತ್ತರಿ ಕೆಳಗಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಒಮ್ಮೆ ನೋಡಿದರು. ಅಕ್ಕ ತಲೆ ಕೆಳಗೆ ಹಾಕಿದರು. ಅತ್ತೆ ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು. ಮುಂದಿನ ಎಲೆ ತೆಗೆದುಕೊಂಡು ಕತ್ತರಿಸಿದರು, ಅಷ್ಟೇ.

ಹೊರಗೆ ಬಂದ ಮೇಲೆ ಅಕ್ಕನಿಗೆ ಲ್ಯಾಕ್ಟೋಮೀಟರ್ ನೋಡುವ ಕ್ರಮ ಹೇಳಿಕೊಟ್ಟೆ. ತಣಿದ ಬೆಳಗಿನ ಹಾಲು ಸ್ವಲ್ಪ ಉಳಿದಿತ್ತು. ನೊರೆ ತೆಗೆದು ಲೋಟಕ್ಕೆ ಸುರಿದು ಇಳಿಬಿಟ್ಟೆ. ಇಪ್ಪತ್ತೆಂಟಕ್ಕೆ ನಿಂತಿತು. ಅವರು ಬಗ್ಗಿ ಗೆರೆ ನೋಡಿದರು, ಬೆರಳಿಟ್ಟು ಇನ್ನೊಮ್ಮೆ ನೋಡಿದರು. ನಾಳೆ ಬೆಳಿಗ್ಗೆ ಸಾಲಿನಲ್ಲಿ ಹೇಳು, ನಾನೂ ಇರ್ತೇನೆ ಎಂದರು.

ಮರುದಿನ ಕಿಟಕಿ ತೆರೆಯುವ ಮೊದಲು ಹೊರಗೆ ಬಂದು ಮೆಟ್ಟಿಲಿನ ಮೇಲೆ ನಿಂತೆ. ಅಕ್ಕ ಸಾಲಿನಲ್ಲಿ ಏಳನೆಯವರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಜನ ಕೇಳಿದರು. ಹಾಗಾದರೆ ನಮ್ಮ ಹಾಲಿಗೂ ಹೀಗೆ ಆಗಿರಬಹುದಲ್ಲ ಎಂದು ಒಬ್ಬರು ಕೇಳಿದರು. ಆಗಿರಬಹುದು, ಯಾರಿಗೆ ಸಂಶಯ ಬಂದರೂ ಇನ್ನು ಮೇಲೆ ಅವರ ಎದುರೇ ಎರಡು ಸಲ ನೋಡುತ್ತೇನೆ ಎಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಒಬ್ಬ ಹೆಂಗಸು ಕೇಳಿದರು. ಹೆದರಿಕೆ ಎಂದೆ. ಅವರು ಮುಖ ತಿರುಗಿಸಿದರು. ಉಳಿದವರು ಗಡಿಯಾರ ನೋಡಿದರು. ಎರಡು ನಿಮಿಷದಲ್ಲಿ ಸಾಲು ಎಂದಿನಂತಾಯಿತು.

ಸಂಘಕ್ಕೆ ಒಂದು ಪತ್ರವನ್ನೂ ಬರೆದು ಕೊಟ್ಟೆ. ಮಾಸ್ಟ್ರು ಅದನ್ನು ನನ್ನೆದುರೇ ಓದಿ, ನೀನು ನನಗೆ ಗೊತ್ತಿಲ್ಲ ಅಂದೆಯಲ್ಲ ಎಂದು ಮಾತ್ರ ಹೇಳಿದರು. ಮಂಡಳಿಯ ಸಭೆಯಲ್ಲಿ ಪತ್ರವನ್ನು ತಾವೇ ಗಟ್ಟಿಯಾಗಿ ಓದಿದರು. ಹೀಗೆ ಬಂದ ಅಧ್ಯಕ್ಷತೆ ನನಗೆ ಬೇಡ, ಬೇಕಾದರೆ ರಾಜೀನಾಮೆ ಕೊಡುತ್ತೇನೆ ಎಂದರು. ಅಕ್ಕನ ಕಡೆ ಇದ್ದವರೂ ಮೇಜು ನೋಡುತ್ತಿದ್ದರು. ಕೊನೆಗೆ ಅಕ್ಕನೇ ಎದ್ದರು. ತಡವರಿಸುವ ಕನ್ನಡದಲ್ಲಿ, ರಾಜೀನಾಮೆ ಬೇಡ, ಸಂಜೆಯ ಸಮಯ ಐದೂವರೆ ಮಾಡಿ, ಅದನ್ನು ಇವತ್ತೇ ಬರೆಯಿರಿ ಎಂದರು. ಬರೆದೆವು. ನನಗೆ ಎಚ್ಚರಿಕೆಯ ಪತ್ರ ಕೊಡುವುದೆಂದೂ, ಕಾಯಂ ಮಾಡುವ ವಿಷಯ ಮುಂದೂಡುವುದೆಂದೂ ತೀರ್ಮಾನವಾಯಿತು. ಅದನ್ನೂ ನಾನೇ ಬರೆದೆ.

ಆ ನಡಾವಳಿಯ ಪ್ರತಿ ಕೊಡಲು ಬಂಟ್ವಾಳಕ್ಕೆ ಹೋಗುವ ದಿನ ರಿಕ್ಷಾದ ಅಣ್ಣ ಬಾ, ನಾನೂ ಹೋಗ್ತಾ ಇದ್ದೇನೆ ಎಂದು ಹತ್ತಿಸಿಕೊಂಡರು. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ನಿಮ್ಮ ಹತ್ತಿರವೂ ತಪ್ಪಾಯಿತು ಎಂದು ಹೇಳಬೇಕೆನಿಸಿತು, ಹೇಳಿದೆ. ನೀವು ಅಷ್ಟು ನೇರವಾಗಿ ಕೇಳಿದ್ದಿರಿ, ನಾನು ಇಲ್ಲ ಎಂದಿದ್ದರೆ ನಿಮ್ಮ ಮತ ಅಕ್ಕನಿಗೇ ಇತ್ತು.

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ಮತ್ತೆ ರಸ್ತೆ ನೋಡಿದರು.

"ನೀನು ಇಲ್ಲ ಅಂದಿದ್ದರೂ ನಾನು ಹಾಕ್ತಿರಲಿಲ್ಲ," ಎಂದರು. "ಅಕ್ಕನಿಗೆ ಮಾತು ಕೊಟ್ಟಾಗಿತ್ತು. ಅದನ್ನು ಮುರಿಯಲು ಒಂದು ಕಾರಣ ಬೇಕಿತ್ತು, ಅಷ್ಟೇ."

ಯಾಕೆ ಎಂದು ಕೇಳಿದೆ. ಒಕ್ಕೂಟದ ಸಭೆಗೆ ಹೋಗುವಾಗ ನಮ್ಮ ಅಧ್ಯಕ್ಷರು ಯಾರು ಎಂದು ಬೇರೆ ಊರಿನವರು ಕೇಳುತ್ತಾರೆ, ಏಳನೆ ಓದಿದ ಒಬ್ಬ ಹೆಂಗಸು ಎಂದು ಹೇಳಲು ಮನಸ್ಸು ಬರಲಿಲ್ಲ ಎಂದರು. ತನ್ನ ಹೆಂಡತಿಗೆ ಸಂಜೆಯ ಸಮಯ ಬೇಕಿತ್ತು, ಅದೂ ಗೊತ್ತಿತ್ತು. ಆದರೂ ಬರಲಿಲ್ಲ. ಹಾಗೆ ಮನಸ್ಸು ಬಾರದವರು ಅಕ್ಕನ ಕಡೆಯ ಐದರಲ್ಲೂ ಒಬ್ಬಿಬ್ಬರು ಇದ್ದರು, ಅವರು ಮಾತಿಗೆ ಕಟ್ಟುಬಿದ್ದು ಹಾಕಿದರು ಎಂದರು. ಇದನ್ನು ಅಕ್ಕನ ಹತ್ತಿರ ಹೇಳಬೇಡ ಎಂದೂ ಹೇಳಿದರು. ಬಿ.ಸಿ.ರೋಡಿನಲ್ಲಿ ಇಳಿದಾಗ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಒಂದು ಕ್ಷಣ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗಾದರೆ ಸೋಲಿಸಿದ್ದು ನಾನಲ್ಲ. ಅದೇ ಕ್ಷಣ ಇನ್ನೊಂದೂ ಹೊಳೆಯಿತು. ಅಷ್ಟು ದಿನದ ಚರ್ಚೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಾಗದಿದ್ದ ಕಾರಣಕ್ಕೆ ಮರ್ಯಾದೆಯ ಹೊದಿಕೆ ಕೊಟ್ಟವಳು ನಾನು. ನೀರಿನ ಮಾತು ಇಲ್ಲದಿದ್ದರೆ ಆ ಅಣ್ಣ ಅಕ್ಕನ ಮುಖ ನೋಡಿ, ನಿಜವಾದ ಕಾರಣವನ್ನು ಹೇಳಬೇಕಾಗುತ್ತಿತ್ತು. ಇಲ್ಲವೇ ಕೊಟ್ಟ ಮಾತಿನಂತೆ ಮತ ಹಾಕಬೇಕಾಗುತ್ತಿತ್ತು. ಯಾವುದಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಈಗ ಸಂಜೆ ಐದೂವರೆಗೆ ಸಾಲು ದೊಡ್ಡದಿರುತ್ತದೆ. ಕಾರ್ಖಾನೆಯ ಹೆಂಗಸರು ಕೆಲಸದ ಸೀರೆಯಲ್ಲೇ ಮನೆಗೆ ಓಡಿ, ಕರೆದು ತರುತ್ತಾರೆ. ಅಕ್ಕನ ಮನೆಯಿಂದ ಸಂಜೆಯ ಹಾಲು ಮತ್ತೆ ಬರತೊಡಗಿದೆ. ಕರೆಯುವುದು ಅಕ್ಕನೇ, ಅತ್ತೆ ಸೊಸೆಯ ಜೊತೆ ಮಾತಾಡುತ್ತಾರೆ, ಆದರೆ ಹಟ್ಟಿಗೆ ಬರುವುದಿಲ್ಲವಂತೆ.

ಹೋದ ವಾರ ಸಾಲು ಮುಗಿದ ಮೇಲೆ ಅಕ್ಕ ಖಾಲಿ ಕ್ಯಾನು ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು. ಹೊರಗೆ ಬೇರೆ ಯಾರೂ ಇರಲಿಲ್ಲ.

"ಒಂದು ಕೇಳ್ಬೇಕು ಅಂತ ಇತ್ತು," ಎಂದರು. "ಅವತ್ತು ನೀನು ಹೇಳಿದ್ದರೆ ನಾನು ಗೆಲ್ತಿದ್ದೆನಾ?"

ರಿಕ್ಷಾದಲ್ಲಿ ಕೇಳಿದ್ದು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ತಪ್ಪಿನಲ್ಲಿ ನನ್ನ ಪಾಲು ಕಡಿಮೆಯಾಗುತ್ತಿತ್ತು. ಅವರು ಮಾತ್ರ ದಿನಾ ಎರಡು ಹೊತ್ತು ಅದೇ ಜನರ ಸಾಲಿನಲ್ಲಿ ಬಂದು ನಿಲ್ಲಬೇಕು.

"ಗೆಲ್ತಿದ್ದಿರಿ ಅಕ್ಕ," ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮತ್ತೆ ಕ್ಯಾನಿನ ಮುಚ್ಚಳ ಹಾಕಿಕೊಂಡು ತೋಡಿನ ದಾರಿ ಹಿಡಿದರು.